ಗೆದ್ದರೂ ದಕ್ಕದ ಹಾನುಂಗಲ್ಲು

ಹೊಯ್ಸಳರ ಶಾಸನಗಳನ್ನು ಸಾಲಾಗಿ ಓದುತ್ತ ಹೋದವರಿಗೆ ಅವರ ಬಿರುದುಗಳು ಬಾಯಿಪಾಠವಾಗಿಬಿಡುತ್ತವೆ. ತಳಕಾಡು, ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಬನವಸೆ, ಹಾನುಂಗಲ್ಲು, ಇಷ್ಟನ್ನೂ ‘ಗೊಂಡ’ ವೀರಗಂಗ ಎಂದು ವಿಷ್ಣುವರ್ಧನ ಹೇಳಿಸಿಕೊಳ್ಳುತ್ತಾನೆ. ಅವನ ಮಗ ನರಸಿಂಹನೂ ಹೇಳಿಸಿಕೊಳ್ಳುತ್ತಾನೆ. ಮೊಮ್ಮಗ ವೀರಬಲ್ಲಾಳನೂ ಬಿಡುವುದಿಲ್ಲ. ದಾನ ಕೊಟ್ಟದ್ದು ಹಾಸನದ ಮೂಲೆಯ ಒಂದು ಬಸದಿಗಿರಲಿ, ಒಂದು ಕೆರೆಗಿರಲಿ, ಹಾನುಂಗಲ್ಲನ್ನು ಗೆದ್ದ ಮಾತು ಅಲ್ಲಿ ಬಂದೇ ಬರುತ್ತದೆ.

ಆದರೆ ಇದೇ ಬಲ್ಲಾಳ 1196ರಲ್ಲಿ ಸೈನ್ಯ ಕಟ್ಟಿಕೊಂಡು ಬಂದು ಹಾನುಂಗಲ್ಲಿಗೆ, ಅಂದರೆ ಇಂದಿನ ಹಾನಗಲ್ಲಿಗೆ, ಮುತ್ತಿಗೆ ಹಾಕಿದ. ತಾತ ಗೆದ್ದ ಊರು, ತಂದೆಯ ಬಿರುದಿನಲ್ಲಿದ್ದ ಊರು, ತನ್ನ ಬಿರುದಿನಲ್ಲೂ ಇದ್ದ ಊರು. ಅದಕ್ಕೆ ಮತ್ತೊಮ್ಮೆ ಮುತ್ತಿಗೆ ಹಾಕುವ ಪ್ರಸಂಗ ಯಾಕೆ ಬಂತು? ನನ್ನ ಹುಡುಕಾಟ ಶುರುವಾದದ್ದು ಈ ಸಣ್ಣ ಪ್ರಶ್ನೆಯಿಂದ. ಉತ್ತರ ಒಂದೆರಡು ಗ್ರಂಥಗಳಲ್ಲಿ ಸಿಕ್ಕೀತು ಅಂದುಕೊಂಡಿದ್ದೆ. ಅದು ನನ್ನನ್ನು ಹಾನಗಲ್ಲಿನಿಂದ ಶಿಗ್ಗಾವಿ ಸೀಮೆಯ ಬಂಕಾಪುರಕ್ಕೆ, ಅಲ್ಲಿಂದ ಸವಣೂರಿಗೆ, ಕೊನೆಗೆ ಹಿರೇಕೆರೂರು ತಾಲೂಕಿನ ಅಬಲೂರಿಗೆ ಎಳೆದುಕೊಂಡು ಹೋಯಿತು.

ಮೊದಲ ತೊಡಕು ಸೂಚಿಯಲ್ಲೇ ಎದುರಾಯಿತು. ಹಳೆಯ ಸಂಪುಟಗಳಲ್ಲಿ ಹಿರೇಕೆರೂರು ತಾಲೂಕು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಅದು ಕೋಡ ತಾಲೂಕು. ಶಿಗ್ಗಾವಿಯೂ ಇಲ್ಲ, ಅದು ಬಂಕಾಪುರ ತಾಲೂಕು. ಸವಣೂರಂತೂ ಜಿಲ್ಲೆಯ ಲೆಕ್ಕದಲ್ಲೇ ಬರುವುದಿಲ್ಲ, ಅದು ಧಾರವಾಡ ಜಿಲ್ಲೆಯ ನಡುವೆ ಇದ್ದ ಬೇರೆ ಸಂಸ್ಥಾನ. ಹೆಸರು ಉಳಿಸಿಕೊಂಡದ್ದು ಹಾನಗಲ್ಲು ಒಂದೇ. ಇಂದಿನ ತಾಲೂಕುಗಳ ಪಟ್ಟಿ ಕೈಯಲ್ಲಿ ಹಿಡಿದು ಗ್ರಂಥಾಲಯಕ್ಕೆ ಹೋದ ವಿದ್ಯಾರ್ಥಿ ಈ ನಾಲ್ಕು ಊರುಗಳಲ್ಲಿ ಮೂರನ್ನು ಕಳೆದುಕೊಂಡೇ ಹೊರಗೆ ಬರುತ್ತಾನೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಗೆದ್ದವರ ಶಾಸನಗಳು ಹೆಚ್ಚಾಗಿ ಹಳೆಯ ಮೈಸೂರು ಸಂಸ್ಥಾನದ ನೆಲದಲ್ಲಿ ಬಿದ್ದವು. ಅವುಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಜಿಲ್ಲೆವಾರು ಕೂಡಿಸಿ ಅಚ್ಚು ಹಾಕಿಸಿದ. ಹಾನಗಲ್ಲನ್ನು ಆಳುತ್ತಿದ್ದ ಕದಂಬರ ಶಾಸನಗಳಲ್ಲಿ ಬಹುಪಾಲು ಮುಂಬೈ ಪ್ರಾಂತದ ನೆಲದಲ್ಲಿದ್ದವು. ಅವು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ, ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ, ಬಹಳ ತಡವಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಚದುರಿಹೋದವು. ಅಬಲೂರಿನಿಂದ ಶಿಕಾರಿಪುರದ ಬಳ್ಳಿಗಾವಿ ದೂರವೇನಲ್ಲ. ಹನ್ನೆರಡನೇ ಶತಮಾನದಲ್ಲಿ ಎರಡೂ ಒಂದೇ ಬನವಾಸಿ ನಾಡಿನ ಊರುಗಳು. ಪುಸ್ತಕದ ಕಪಾಟಿನಲ್ಲಿ ಮಾತ್ರ ಅವು ಬೇರೆ ಬೇರೆ ಗೋಡೆಗೆ ಸೇರಿವೆ. ಒಂದೇ ಜಗಳದ ವಾದಿಯ ಕಾಗದ ಒಂದು ಕಚೇರಿಯಲ್ಲಿ, ಪ್ರತಿವಾದಿಯ ಕಾಗದ ಮತ್ತೊಂದು ಕಚೇರಿಯಲ್ಲಿ.

ಪ್ರತಿವಾದಿಯ ಕಾಗದಗಳನ್ನು ಮೊದಲು ಕೂಡಿಹಾಕಿದವನು ವಾಲ್ಟರ್ ಎಲಿಯಟ್. ಅವನ ಹೆಸರು ಕಿತ್ತೂರಿನ ಕಥೆ ಓದಿದವರಿಗೆ ಗೊತ್ತಿರುತ್ತದೆ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಸತ್ತಾಗ, ಚೆನ್ನಮ್ಮನ ಸೆರೆಗೆ ಸಿಕ್ಕಿದ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್. ಜೀವಸಹಿತ ಹೊರಬಂದವನು ದಕ್ಷಿಣ ಮರಾಠಾ ಸೀಮೆಯಲ್ಲೇ ಉಳಿದು, ತನ್ನ ಕೈಕೆಳಗಿನ ಗುಮಾಸ್ತರಿಂದ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ. ಒಟ್ಟು 595 ಶಾಸನಗಳ ಹಸ್ತಪ್ರತಿ ಸಂಪುಟಗಳು ಅವು. ಅವುಗಳ ಆಧಾರದ ಮೇಲೆ 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಲೇಖನದಿಂದಲೇ ಚಾಲುಕ್ಯರ ವಂಶಕ್ಕೆ ಒಂದು ಕ್ರಮ ಬಂತು. ಶಾಸನ ಓದಿದ ಆ ಗುಮಾಸ್ತರ ಹೆಸರುಗಳು ಲೇಖನದ ಕೀರ್ತಿಯಲ್ಲಿ ಪಾಲು ಪಡೆಯಲಿಲ್ಲ. ಹಳಗನ್ನಡ ಲಿಪಿಯ ಮುಂದೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತವರು ಅವರೇ ಅನ್ನುವುದನ್ನು, ಕಲ್ಲಿನ ಮುಂದೆ ಅರ್ಧ ಗಂಟೆ ಕೂತ ಯಾರಿಗೂ ವಿವರಿಸಿ ಹೇಳಬೇಕಿಲ್ಲ.

ಎಲಿಯಟ್ ಬಿಟ್ಟುಹೋದ ದಾರಿಯಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಬಂದ. 1867ರಲ್ಲಿ ಮುಂಬೈ ಸಿವಿಲ್ ಸೇವೆಗೆ ಸೇರಿ, ಈ ಭಾಗದಲ್ಲೇ ಕೆಲಸ ಮಾಡುತ್ತ ಕನ್ನಡ ಕಲಿತ. 1882ರಲ್ಲಿ ಅವನ ‘ಡೈನಾಸ್ಟೀಸ್ ಆಫ್ ದಿ ಕೆನರೀಸ್ ಡಿಸ್ಟ್ರಿಕ್ಟ್ಸ್’ ಬಂತು. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ಬಂತು. ಹಾನಗಲ್ಲಿನ ಬಗ್ಗೆ ನಾವು ಇಂದು ಹೇಳುವ ಮಾತುಗಳ ಬೇರು ಹೆಚ್ಚು ಕಡಿಮೆ ಈ ಎರಡು ಪುಸ್ತಕಗಳಲ್ಲಿದೆ. 1931ರಲ್ಲಿ ಜಾರ್ಜ್ ಮೊರಾಯಸ್ ‘ಕದಂಬ ಕುಲ’ ಬರೆದು ಗೋವೆಯ ಮತ್ತು ಹಾನಗಲ್ಲಿನ ಶಾಖೆಗಳ ಕಥೆಯನ್ನು ಒಟ್ಟುಗೂಡಿಸಿದರೂ ಮುತ್ತಿಗೆಯ ವಿಷಯಕ್ಕೆ ಬಂದಾಗ ಫ್ಲೀಟನ ಕಡೆಗೇ ತಿರುಗಬೇಕು.

ಫ್ಲೀಟ್ ಹೇಳುವುದು ಇಷ್ಟು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಊರ ಪಶ್ಚಿಮಕ್ಕಿರುವ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬರ ದಂಡನಾಯಕ ಸೋಹಣಿ, ಅವನ ಮಗ ಪದ್ಮಯ್ಯ ಎದುರಾದರು. ಸೋಹಣಿ ಸತ್ತ. ಆದರೆ ಬಲ್ಲಾಳ ಆ ಸಲಕ್ಕೆ ಹಿಮ್ಮೆಟ್ಟಿದ. ಸ್ವಲ್ಪ ಕಾಲದ ನಂತರ ಅವನು ಕದಂಬರನ್ನು ಪೂರ್ತಿ ಅಡಗಿಸಿದಂತೆ ತೋರುತ್ತದೆ ಎಂದು ಫ್ಲೀಟ್ ಮುಂದುವರಿಸುತ್ತಾನೆ. ‘ತೋರುತ್ತದೆ’ ಎನ್ನುವುದು ಅವನ ಎಚ್ಚರ. ಆಮೇಲಿನ ಕೈಪಿಡಿಗಳಲ್ಲಿ, ಊರ ಪರಿಚಯದ ಹೊತ್ತಿಗೆಗಳಲ್ಲಿ ಆ ಎಚ್ಚರ ಉದುರಿಹೋಗಿ ‘ಬಲ್ಲಾಳನು ಹಾನಗಲ್ಲನ್ನು ಗೆದ್ದನು’ ಎಂಬ ಒಂದೇ ಸಾಲು ಉಳಿಯಿತು.

ಆನೆಕೆರೆ ಈಗಲೂ ಇದೆ. ಅದರ ದಂಡೆಯ ಮೇಲೆ ನಿಂತರೆ ದಂಡಿನ ಲೆಕ್ಕಾಚಾರ ತಿಳಿಯುತ್ತದೆ: ಆನೆ ಕುದುರೆಗಳಿಗೆ ನೀರು ಇಲ್ಲೇ, ಪಡುವಣದ ಬನವಾಸಿ ದಾರಿಯ ಮೇಲೆ ಕಣ್ಣೂ ಇಲ್ಲಿಂದಲೇ. ಹಾನಗಲ್ಲು ಬಯಲುಸೀಮೆ ಮುಗಿದು ಮಲೆನಾಡು ತಲೆಹಾಕುವ ಜಾಗ. ಧರ್ಮಾ ನದಿ ಊರನ್ನು ಬಳಸಿ ಹರಿಯುತ್ತದೆ. ಭತ್ತದ ಗದ್ದೆ, ಮಾವಿನ ತೋಪು, ಕೆರೆಯ ಹಿಂದೆ ಕೆರೆ. ಪಾನುಂಗಲ್ಲು ಐನೂರು ಎಂದು ಈ ನಾಡನ್ನು ಚಾಲುಕ್ಯರ ಕಾಲದಲ್ಲಿ ಕರೆಯುತ್ತಿದ್ದರು. ಅದನ್ನು ಆಳಿದ ಕದಂಬರು ಬನವಾಸಿಯ ಮಯೂರವರ್ಮನನ್ನೇ ಮೂಲಪುರುಷ ಮಾಡಿಕೊಂಡು, ಬನವಾಸಿ ಪುರವರಾಧೀಶ್ವರ ಎಂದು ಕರೆಸಿಕೊಂಡು, ಸಿಂಹದ ಮುದ್ರೆ, ವಾನರ ಧ್ವಜ, ಪೆರ್ಮಟ್ಟಿ ವಾದ್ಯ ಇಟ್ಟುಕೊಂಡು ಮೆರೆದರು. ತಾಲೂಕಿನ ಕರಗುದರಿಯಲ್ಲಿ 1108ರ ಒಂದು ಶಾಸನ ಈ ವಂಶಾವಳಿಯನ್ನು ಬಿಡಿಸಿ ಹೇಳುತ್ತದೆ. ಆಗ ಆರನೇ ವಿಕ್ರಮಾದಿತ್ಯನ ಕೈಕೆಳಗೆ ಇಮ್ಮಡಿ ತೈಲಪ ಇಲ್ಲಿ ಆಳುತ್ತಿದ್ದ. ನಡುವೆ ಏಳು ಶತಮಾನದ ಅಂತರವಿರುವ ಮಯೂರವರ್ಮನಿಗೂ ತೈಲಪನಿಗೂ ಶಾಸನ ಹಾಕುವ ನಂಟು ಅಷ್ಟೇನೂ ನಂಬುವಂಥದ್ದಲ್ಲ. ಬಿರುದುಗಳ ವಿಷಯದಲ್ಲಿ ಕದಂಬರು ಹೊಯ್ಸಳರಿಗಿಂತ ಸಂಕೋಚದವರು ಎಂದು ಯಾರೂ ತಿಳಿಯಬೇಕಾಗಿಲ್ಲ.

ಊರಿಗೆ ಬಂದವರು ಮೊದಲು ನೋಡುವುದು ತಾರಕೇಶ್ವರ ಗುಡಿ. ನೋಡಲೇಬೇಕಾದದ್ದೂ ಹೌದು. ಬಳಪದ ಕಲ್ಲಿನ ಕಂಬಗಳ ನಡುವೆ ಮಂಟಪಕ್ಕೆ ಹೋಗಿ ಕತ್ತೆತ್ತಿದರೆ, ಚಾವಣಿ ಸುತ್ತು ಸುತ್ತಾಗಿ ಏರುತ್ತ ಹೋಗಿ ನಡುವೆ ಕಲ್ಲಿನ ದೊಡ್ಡ ತಾವರೆಯೊಂದು ಕೆಳಮುಖವಾಗಿ ತೂಗಿದೆ. ಧಾರವಾಡ ಜಿಲ್ಲೆಯ ಚಾಲುಕ್ಯ ಕಟ್ಟಡಗಳನ್ನೆಲ್ಲ ಅಳೆದು ನೋಡಿ 1926ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಈ ಭುವನೇಶ್ವರಿ ಚಾವಣಿಗೆ ವಿಶೇಷ ಗಮನ ಕೊಟ್ಟಿದ್ದಾನೆ. ಪಕ್ಕದ ಸಣ್ಣ ಗಣಪತಿ ಗುಡಿಯ ಶಿಖರ ಉತ್ತರ ದೇಶದ ನಾಗರ ಶೈಲಿಯದು, ಈ ಸೀಮೆಗೆ ಅಪರೂಪ. ಕೋಟೆಯ ಒಳಗೆ ವೀರಭದ್ರ, ಬಿಲ್ಲೇಶ್ವರ ಗುಡಿಗಳಿವೆ. ನಾನು ಮಾತ್ರ ಹೆಚ್ಚು ಹೊತ್ತು ಕಳೆದದ್ದು ಅಂಗಳದ ವೀರಗಲ್ಲುಗಳ ಹತ್ತಿರ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಗುಡಿ ಕಟ್ಟಿಸಿದವನ ಹೆಸರಿಗೆ ಸಿಗುವ ಪದ್ಯಗಳ ಸಂಭ್ರಮ ಇಲ್ಲಿಲ್ಲ. ಯಾವ ಯುದ್ಧ, ಯಾರ ಪರ, ಯಾರು ಸತ್ತರು, ಅಷ್ಟೇ. ಹಾಗಿದ್ದೂ ರಾಜರ ಬಿರುದು ಮುಚ್ಚಿಟ್ಟ ಸಂಗತಿ ಹೊರಬೀಳುವುದು ಇಂಥ ಕಲ್ಲುಗಳಿಂದಲೇ.

ಅಲ್ಲಿ ಕೂತು ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಾಗ ಗುಡಿಗೆ ಬಂದ ಹಿರಿಯರೊಬ್ಬರು ನಿಂತು ಕೇಳಿದರು: “ಏನ್ ಬರದೈತ್ರೀ ಸರ ಅದರಾಗ?”

“ಹೊಯ್ಸಳರು ಈ ಊರಿಗೆ ಮುತ್ತಿಗೆ ಹಾಕಿದ್ದರಲ್ರೀ ಯಜಮಾನ್ರ, ಆ ಕಾಲದ್ದೇನರ ಸಿಗತೈತೇನು ನೋಡಾಕತ್ತೀನಿ. ಗೆದ್ದೀವಿ ಅಂತ ಅವರು ಬರಕೊಂಡಾರ.”

“ಗೆದ್ದಿದ್ರ ಇಲ್ಲೇ ಇರ್ತಿದ್ರಲ್ಲ,” ಅಂದು ಅವರು ಪ್ರದಕ್ಷಿಣೆಗೆ ಹೋದರು. ಮೂರು ಸಂಪುಟ ತಿರುವಿ ನಾನು ಮುಟ್ಟಬೇಕಾಗಿದ್ದ ಸಂಶಯಕ್ಕೆ ಅವರು ಚಪ್ಪಲಿ ಬಿಡುವಷ್ಟರಲ್ಲಿ ಬಂದಿದ್ದರು.

ಹಾನಗಲ್ಲಿಗೆ ಬಂದವರು ಕೇಳುವ ಇನ್ನೊಂದು ಕಥೆ ವಿರಾಟನದು. ಪಾಂಡವರು ಅಜ್ಞಾತವಾಸ ಮಾಡಿದ ವಿರಾಟನಗರ ಇದೇ, ಕೀಚಕ ಸತ್ತದ್ದು ಇಲ್ಲೇ ಎನ್ನುತ್ತಾರೆ. ಕುಂತಿಯ ಹೆಸರಿನ ದಿಬ್ಬವೂ ಇದೆ. ಇದು ಈಚಿನ ಪ್ರವಾಸಿ ಫಲಕದವರ ಸೃಷ್ಟಿ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಶಾಸನಗಳೇ ಊರನ್ನು ವಿರಾಟನ ಕೋಟೆ, ವಿರಾಟನಗರಿ ಎಂದು ಕರೆದಿವೆ. ಅದೇ ಹೆಸರಿಗೆ ರಾಜಸ್ಥಾನದ ಬೈರಾಟವೂ ಹಕ್ಕುದಾರ, ಮಹಾರಾಷ್ಟ್ರದ ವಾಯಿಯೂ ಹಕ್ಕುದಾರ. ಆದರೆ ಕಥೆ ಇಲ್ಲಿ ಬೇರುಬಿಟ್ಟದ್ದಕ್ಕೆ ನನಗೆ ತೋರುವ ಕಾರಣ ಬೇರೆ. ವಿರಾಟಪರ್ವದ ಮುಖ್ಯ ಕಾಳಗ ದನಗಳಿಗಾಗಿ ನಡೆದದ್ದು. ತುರುಗಳನ್ನು ಅಟ್ಟಿಕೊಂಡು ಹೋದವರ ಬೆನ್ನುಹತ್ತಿ ಸತ್ತವರ ವೀರಗಲ್ಲುಗಳು ಹಾನಗಲ್ಲು, ಹಿರೇಕೆರೂರು, ಸೊರಬದ ಸೀಮೆಯಲ್ಲಿ ಹೇರಳ. ತುರುಗೋಳಿಗೆ ಪ್ರಾಣ ಕೊಡುವ ನಾಡಿನವರಿಗೆ ಉತ್ತರ ಗೋಗ್ರಹಣ ತಮ್ಮ ಊರ ಸುದ್ದಿಯಾಗಿಯೇ ಕೇಳಿಸಿರಬೇಕು.

ಹಾನಗಲ್ಲಿನ ಮಾತು ಬಂದಾಗ ಸಂಗೀತವನ್ನು ಬಿಡಲಿಕ್ಕಾಗುವುದಿಲ್ಲ. ಇಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರ ಕಟ್ಟಿದರು. ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಹುಡುಗನನ್ನು ಅವರು ಕೈಹಿಡಿದು ಬೆಳೆಸಿದ್ದರಿಂದ ನಾಡಿಗೆ ಪಂಚಾಕ್ಷರ ಗವಾಯಿಗಳು ಸಿಕ್ಕರು. ಗಂಗೂಬಾಯಿ ಧಾರವಾಡದಲ್ಲಿ ಹುಟ್ಟಿದರೂ ಊರ ಹೆಸರನ್ನು ದೇಶದ ತುಂಬ ಕೊಂಡೊಯ್ದರು. ಮೈಸೂರು, ದಿಲ್ಲಿಯವರು ಇಂದು ಹಾನಗಲ್ಲು ಎಂಬ ಶಬ್ದ ಕೇಳಿದ್ದರೆ ಅದು ಬಲ್ಲಾಳನ ಬಿರುದಿನಿಂದಲ್ಲ.

ಬಂಕಾಪುರಕ್ಕೆ ನಾನು ಹೋದದ್ದು ವಿಷ್ಣುವರ್ಧನನ ಸಲುವಾಗಿ. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನು ಬಂಕಾಪುರದ ನೆಲೆವೀಡಿನಿಂದ ಆಳುತ್ತಿದ್ದ ಎಂದು ಶಾಸನಗಳಿವೆ. ಅವನು ತೀರಿಕೊಂಡದ್ದೂ ಅಲ್ಲೇ. ಅಂದರೆ ತಾತ ಹಾನುಂಗಲ್ಲನ್ನು ಗೆದ್ದದ್ದು ಬರೀ ಬಾಯಿಮಾತಲ್ಲ. ಅವನು ಈ ಸೀಮೆಗೆ ಬಂದು, ಮನೆ ಮಾಡಿ, ಇಲ್ಲೇ ಕಣ್ಣು ಮುಚ್ಚಿದ. ಆದರೆ ನೆಲೆವೀಡು ಎಂದರೆ ರಾಜ ಇರುವ ತನಕ. ಅವನ ಹಿಂದೆಯೇ ಕಳಚುರಿ ಬಿಜ್ಜಳನ ಕೈ ಬಲವಾಗಿ, ನರಸಿಂಹನ ಕಾಲಕ್ಕೆ ಬನವಾಸಿ, ಹಾನುಂಗಲ್ಲು ಎರಡೂ ಜಾರಿದವು. ಬಿರುದು ಮಾತ್ರ ಆಸ್ತಿಯಂತೆ ಮಗನಿಗೆ ಇಳಿಯಿತು. ಇಲ್ಲಿಗೆ ನನ್ನ ಪ್ರಶ್ನೆಯ ಅರ್ಧ ಬಗೆಹರಿಯಿತು: 1196ರಲ್ಲಿ ಬಲ್ಲಾಳ ಬಂದದ್ದು ಪಿತ್ರಾರ್ಜಿತ ಬಿರುದಿಗೆ ನೆಲ ಹುಡುಕಿಕೊಂಡು. ಅದಕ್ಕೂ ಮೊದಲು ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ ಲಕ್ಕುಂಡಿಯಲ್ಲಿ ನೆಲೆವೀಡು ಮಾಡಿದ್ದ. ಉತ್ತರಕ್ಕೆ ಅಷ್ಟು ದೂರ ಹೋದವನಿಗೆ ಬೆನ್ನ ಹಿಂದೆ ಕದಂಬರ ಕೋಟೆ ಉಳಿದಿರುವುದು ಸಹಿಸಲಾಗದ ಮಾತು.

ಬಂಕಾಪುರ ನಾನು ಎಣಿಸಿದ್ದಕ್ಕಿಂತ ಹಳೆಯ ಗಂಟು ಬಿಚ್ಚಿತು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಊರು ಇದು. ಅವನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಇಲ್ಲಿ ಪೂಜೆ ನಡೆಯಿತೆಂದು ಆ ಗ್ರಂಥದ ಕೊನೆಯ ಪ್ರಶಸ್ತಿಯೇ ಹೇಳುತ್ತದೆ. ಗಂಗರ ಇಮ್ಮಡಿ ಮಾರಸಿಂಹ ರಾಜ್ಯ ಬಿಟ್ಟು ಬಂದು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿದ್ದು ಇದೇ ಬಂಕಾಪುರದಲ್ಲಿ. ಅದನ್ನು ತಿಳಿಯಲು ಶ್ರವಣಬೆಳಗೊಳದ ಕಂಬದ ಶಾಸನ ಓದಬೇಕು. ಕೋಟೆಯ 1055ರ ಶಾಸನವೊಂದರಲ್ಲಿ ಕದಂಬ ಹರಿಕೇಸರಿ ಕಾಣಿಸಿಕೊಳ್ಳುತ್ತಾನೆ. ಆಗಿನ್ನೂ ರಾಜಕುಮಾರನಾಗಿದ್ದ ವಿಕ್ರಮಾದಿತ್ಯ ಅವನ ಒಡೆಯ. ಹೀಗೆ ಹೊಯ್ಸಳರು ಬರುವ ಮುಂಚೆಯೇ ಈ ಕೋಟೆಯಲ್ಲಿ ರಾಷ್ಟ್ರಕೂಟರ, ಗಂಗರ, ಚಾಲುಕ್ಯರ, ಕದಂಬರ ಹೆಜ್ಜೆಗಳು ಬಿದ್ದಿದ್ದವು.

ಆಮೇಲಿನದು ಫಿರಿಷ್ತಾನ ಪಾರಸಿ ಚರಿತ್ರೆಯಲ್ಲಿ. ವಿಜಯನಗರದ ದೇವರಾಯ ಮಗಳನ್ನು ಬಹಮನಿ ಫಿರೋಜಶಹನಿಗೆ ಕೊಟ್ಟಾಗ ಬಂಕಾಪುರವನ್ನೂ ಬಳುವಳಿಯಾಗಿ ಕೊಟ್ಟನೆಂದು ಅವನು ಬರೆಯುತ್ತಾನೆ. 1573ರ ಸುಮಾರಿಗೆ ವಿಜಾಪುರದ ಅಲಿ ಆದಿಲಶಹ ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ ಕೋಟೆ ಹಿಡಿದನೆಂದೂ ಬರೆಯುತ್ತಾನೆ. ಇಂದು ಕೋಟೆಯ ಒಳಗೆ ನಗರೇಶ್ವರ ಗುಡಿ ನಿಂತಿದೆ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ಗುಡಿಯ ಕಂಬಗಳ ಹೊಳಪು ನೋಡಿಯೇ ತಿಳಿಯಬೇಕು. ಸುತ್ತಲ ಪೊದೆಗಳಲ್ಲಿ ನವಿಲುಗಳು. ಕೋಟೆಯ ಆವರಣ ಈಗ ನವಿಲುಧಾಮ. ಬೆಳಗಿನ ಹೊತ್ತು ಹೋದವರಿಗೆ ಶಾಸನಕ್ಕಿಂತ ಮೊದಲು ಅವುಗಳ ಕೂಗು ಕೇಳಿಸುತ್ತದೆ. ಶಿಗ್ಗಾವಿ ತಾಲೂಕಿನವರೇ ಆದ ಬಾಡದ ಕನಕದಾಸರು, ಶಿಶುವಿನಹಾಳದ ಶರೀಫರು, ಇಬ್ಬರದ್ದೂ ಬೇರೆಯದೇ ಕಡತ, ಬೇರೆಯದೇ ಪ್ರಯಾಣ.

ಆದಿಲಶಾಹಿ ಮುಗಿದ ಮೇಲೆ ಬಂಕಾಪುರದ ಅಧಿಕಾರ ಸವಣೂರಿಗೆ ಸರಿಯಿತು. ವಿಜಾಪುರದ ಸರದಾರನಾಗಿದ್ದ ಅಬ್ದುಲ್ ರವೂಫ್ ಖಾನ ಔರಂಗಜೇಬನ ಪಕ್ಷ ಸೇರಿ ಬಂಕಾಪುರ, ತೊರಗಲ್ಲು, ಆಜಮನಗರಗಳ ಜಹಗೀರು ಪಡೆದ. ಆಮೇಲೆ ಈ ನವಾಬರ ಮನೆತನ ಸವಣೂರನ್ನು ರಾಜಧಾನಿ ಮಾಡಿಕೊಂಡಿತು. ಸವಣೂರಿನ ದಾಖಲೆ ಕಲ್ಲಿನಲ್ಲಿಲ್ಲ, ಕಾಗದದಲ್ಲಿದೆ: ಪಾರಸಿ ಫರ್ಮಾನು, ಪುಣೆಯ ಪೇಶ್ವೆ ದಫ್ತರದ ಮೋಡಿ ಪತ್ರ, ಇಂಗ್ಲಿಷರ ಕರಾರು. ನನ್ನ ಪ್ರಶ್ನೆ ಹನ್ನೆರಡನೇ ಶತಮಾನದ್ದು, ಆದ್ದರಿಂದ ಇಲ್ಲಿ ನಿಲ್ಲುವ ಅಗತ್ಯ ಇರಲಿಲ್ಲ. ಆದರೂ ನಿಂತೆ. ಹಾನಗಲ್ಲಿನ ಕದಂಬರ ಗತಿಯನ್ನು ಮದ್ದುಗುಂಡಿನ ಕಾಲದಲ್ಲಿ ಮತ್ತೊಮ್ಮೆ ನೋಡಿದಂತಾಯಿತು.

1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರಿಗೆ ಮುತ್ತಿಗೆ ಹಾಕಿದ. ತನ್ನ ತೋಫಖಾನೆಯ ಮುಜಫರ್ ಖಾನ ಓಡಿಹೋಗಿ ನವಾಬನ ಆಸರೆ ಪಡೆದಿದ್ದ; ಗುತ್ತಿಯ ಮುರಾರಿರಾಯ ಘೋರ್ಪಡೆಯೂ ನವಾಬನ ಕಡೆಗಿದ್ದ. ಹೈದರಾಬಾದಿನ ಸಲಾಬತ್ ಜಂಗನ ಜೊತೆ ಬಂದಿದ್ದ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಮುತ್ತಿಗೆಯನ್ನು ಮುಗಿಸಿದವು. ನವಾಬ ಹುಬ್ಬಳ್ಳಿ, ಕುಂದಗೋಳ, ಮಿಶ್ರಿಕೋಟಿ ಸೇರಿ ದೊಡ್ಡ ಭಾಗವನ್ನೇ ಬಿಟ್ಟುಕೊಡಬೇಕಾಯಿತು. ಮುಂದೆ ನವಾಬ ಅಬ್ದುಲ್ ಹಕೀಮ್ ಖಾನ 1779ರಲ್ಲಿ ಹೈದರಾಲಿಯ ಜೊತೆ ಕೊಟ್ಟು ತಂದು ಬೀಗತನ ಬೆಳೆಸಿದ: ಹೈದರನ ಮಗಳು ನವಾಬನ ಮಗನಿಗೆ, ನವಾಬನ ಮಗಳು ಹೈದರನ ಮಗ ಕರೀಮನಿಗೆ. ಈ ಬೀಗತನ ಏಳು ವರ್ಷ ಬಾಳಿತು. 1786ರಲ್ಲಿ ಟಿಪ್ಪು ಸವಣೂರಿನ ಮೇಲೆ ಬಂದ, ನವಾಬ ಮರಾಠರ ಬೀಡಿಗೆ ಓಡಿದ, ಊರು ಸೂರೆಯಾಯಿತು. ಆಮೇಲೆ ಪೇಶ್ವೆಯ ಪಿಂಚಣಿ, ಪಿಂಚಣಿಗೆ ಬದಲು ಒಂದಿಷ್ಟು ಹಳ್ಳಿ. ಪೇಶ್ವೆಯ ರಾಜ್ಯ ಹೋಯಿತು, ಹೈದರನ ಮನೆತನ ಹೋಯಿತು. ಕೊನೆಗೆ 70 ಚದರ ಮೈಲಿಯಷ್ಟೇ ಉಳಿದಿದ್ದ ಸವಣೂರು ಸಂಸ್ಥಾನ ಮಾತ್ರ 1948ರ ತನಕ ಇತ್ತು.

ಅದೇ ನವಾಬರ ಊರಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ವೃಂದಾವನಸ್ಥರಾದರು. 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಬಾವೊಬಾಬ್ ಮರಗಳು ಬೆಳೆದವು; ಊರವರು ಅವನ್ನು ದೊಡ್ಡ ಹುಣಸೆ ಎಂದೇ ಕರೆಯುವುದು. ಕೃಷ್ಣ ನೆಟ್ಟದ್ದು ಎನ್ನುವವರಿದ್ದಾರೆ. ಇಂಥವೇ ಮರಗಳು ವಿಜಾಪುರದಲ್ಲೂ ಇವೆ, ಅಲ್ಲಿನ ದರಬಾರಿನಲ್ಲಿ ಹಬಶಿ ಸರದಾರರೂ ಇದ್ದರು. ಬೀಜ ಬಂದ ದಾರಿ ಅದಿರಬಹುದೆಂದು ನನ್ನ ಊಹೆ. 2023ರ ಜುಲೈ ಮಳೆಗೆ ಮೂರರಲ್ಲೊಂದು ಬುಡಸಮೇತ ಉರುಳಿತು. ಜನ ಅದನ್ನು ಕಡಿದು ಹಂಚಿಕೊಳ್ಳಲಿಲ್ಲ, ಎತ್ತಿ ಮತ್ತೆ ನೆಟ್ಟರು. ಬಸ್ಸಿಗೆ ಕಾಯುವವರು ಸವಣೂರು ಖಾರದ ಪೊಟ್ಟಣ ತೆಗೆದುಕೊಳ್ಳದೆ ಹೊರಡುವುದಿಲ್ಲ, ನಾನೂ ಹೊರಡಲಿಲ್ಲ.

ನನ್ನ ಪ್ರಶ್ನೆಯ ಉತ್ತರದ ಇನ್ನರ್ಧ, ಬಲ್ಲಾಳನಿಗೆ ಆ ನೆಲ ದಕ್ಕಿತೇ ಎಂಬುದು, ಅಬಲೂರಿನಲ್ಲಿತ್ತು. ಸರ್ವಜ್ಞನ ಊರು ಎಂದು ಹೆಸರಾದ ಈ ಹಳ್ಳಿಯ ಸೋಮೇಶ್ವರ ಗುಡಿಯ ಶಾಸನಗಳನ್ನು ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೇ ಸಂಪುಟದಲ್ಲಿ ಪ್ರಕಟಿಸಿದ. ಎಲ್ಲರೂ ಅವುಗಳಲ್ಲೊಂದನ್ನು ಓದುವುದು ಏಕಾಂತದ ರಾಮಯ್ಯನ ಸಲುವಾಗಿ. ಆಳಂದದ ರಾಮಯ್ಯ ಅಬ್ಬಲೂರಿಗೆ ಬಂದು, ಸಂಕಗಾವುಂಡ ಮೊದಲಾದ ಜೈನರೊಡನೆ ವಾದಕ್ಕೆ ಬಿದ್ದು, ತಲೆ ಕತ್ತರಿಸಿ ಶಿವನಿಗೊಪ್ಪಿಸಿ, ಏಳು ದಿನದ ಮೇಲೆ ಮರಳಿ ಪಡೆದ. ಮಾತಿಗೆ ತಪ್ಪಿದ ಜೈನರ ಜಿನಬಿಂಬವನ್ನು ಒಡೆದ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಗುಡಿಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಅವುಗಳ ಕೆಳಗೆ ಬರಹಗಳೂ ಇವೆ. ಹರಿಹರ ಇವನ ಮೇಲೆ ರಗಳೆ ಬರೆದ. ಫ್ಲೀಟನಂತೂ ಈ ಶಾಸನದ ಭರಕ್ಕೆ ಸಿಕ್ಕಿ, ವೀರಶೈವ ಪುನರುತ್ಥಾನದ ನಿಜವಾದ ಮೂಲಪುರುಷ ಬಸವಣ್ಣನಲ್ಲ, ಈ ರಾಮಯ್ಯ ಎಂಬ ಮಟ್ಟಕ್ಕೆ ಹೋದ. 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನ ಹೆಸರು ಸ್ಪಷ್ಟವಾಗಿ ಸಿಕ್ಕಮೇಲೆ ಆ ವಾದದ ಕಾವು ಇಳಿಯಿತು. ಬಂಕಾಪುರದಲ್ಲಿ ಪುರಾಣಕ್ಕೆ ಪೂಜೆ ಮಾಡಿದ ಜೈನರ ಮಕ್ಕಳ ಮಕ್ಕಳು ಅಬಲೂರಿನಲ್ಲಿ ಏನು ಹೇಳಿದರೆಂಬುದಕ್ಕೆ ಈ ಕಲ್ಲಿನಲ್ಲಿ ಜಾಗವಿಲ್ಲ. ಇಲ್ಲೂ ಬರೆಸಿದವರು ಗೆದ್ದವರೇ.

ನನಗೆ ಬೇಕಾದದ್ದು ಶಾಸನದ ಕೊನೆಯ ಭಾಗ. ಪವಾಡದ ನಂತರ ಅದು ದಾನಗಳ ಪಟ್ಟಿಗೆ ಇಳಿಯುತ್ತದೆ. ಬಿಜ್ಜಳ ಒಂದು ಹಳ್ಳಿ ಕೊಟ್ಟ. ಚಾಲುಕ್ಯ ನಾಲ್ಮಡಿ ಸೋಮೇಶ್ವರ ಅಬ್ಬಲೂರನ್ನೇ ಕೊಟ್ಟ. ಮೂರನೆಯವನಾಗಿ ಹಾನಗಲ್ಲಿನ ಕದಂಬ ಕಾಮದೇವ ಬರುತ್ತಾನೆ. ಬಂದು, ವೀರಸೋಮನಾಥನ ದರ್ಶನ ಮಾಡಿ, ರಾಮಯ್ಯನ ಮಹಿಮೆ ಕೇಳಿ ಮೆಚ್ಚಿ, ಪಾನುಂಗಲ್ಲು ಐನೂರರೊಳಗಿನ ಮಲ್ಲವಳ್ಳಿ ಎಂಬ ಹಳ್ಳಿಯನ್ನು ಬಿಟ್ಟುಕೊಡುತ್ತಾನೆ. ಇದಕ್ಕೆ ವರ್ಷ ನಮೂದಿಲ್ಲ. ಫ್ಲೀಟ್ ಇದನ್ನು ಸುಮಾರು 1200ಕ್ಕೆ ಇಟ್ಟಿದ್ದಾನೆ.

ಆ ಇಸವಿಯನ್ನು ಇಟ್ಟುಕೊಂಡು ಹಿಂದಿನದೆಲ್ಲವನ್ನೂ ಓದಿನೋಡಬೇಕು. 1189ರ ಹೊತ್ತಿಗೆ ಕಾಮದೇವ ಸೋಮೇಶ್ವರನ ಮಹಾಮಂಡಲೇಶ್ವರನಾಗಿ ಬನವಾಸಿ ಪನ್ನಿರ್ಚ್ಛಾಸಿರ, ಪಾನುಂಗಲ್ಲು ಐನೂರು, ಪುಲಿಗೆರೆ ಮುನ್ನೂರನ್ನು ಆಳುತ್ತಿದ್ದ. ಆಮೇಲೆ ಒಡೆಯ ಚಾಲುಕ್ಯನೇ ಇಲ್ಲವಾದ. 1196ರಲ್ಲಿ ದಂಡನಾಯಕ ಸೋಹಣಿ ಸತ್ತ. ಹೊಯ್ಸಳರ ಬಿರುದಿನ ಪ್ರಕಾರ ಹಾನುಂಗಲ್ಲು ಹೋಗಿ ಎರಡು ತಲೆಮಾರಾಗಿತ್ತು. ಹಾಗಿರುವಾಗ ಈ ಮನುಷ್ಯ ಪರಿವಾರ ಸಮೇತ ತನ್ನ ರಾಜಧಾನಿಯಿಂದ ದಕ್ಷಿಣಕ್ಕೆ, ಹೊಯ್ಸಳರ ಕಡೆಯ ದಿಕ್ಕಿಗೇ ಬಂದು, ಹಾನುಂಗಲ್ಲು ನಾಡಿನದೇ ಹಳ್ಳಿಯೊಂದನ್ನು ದಾನ ಕೊಡುತ್ತಿದ್ದಾನೆ. ನೆಲ ಕೈಯಲ್ಲಿಲ್ಲದವನು ದಾನ ಕೊಟ್ಟರೆ ತೆಗೆದುಕೊಳ್ಳುವ ಗುಡಿಯವರು ದಡ್ಡರಲ್ಲ. ದಾನಶಾಸನದ ಸಾಕ್ಷ್ಯಕ್ಕೆ ಬಿರುದಿನ ಸಾಕ್ಷ್ಯಕ್ಕಿಂತ ತೂಕ ಹೆಚ್ಚು ಎಂದು ನಾನು ನಂಬುವುದು ಇದಕ್ಕೇ: ಬಿರುದು ಸುಳ್ಳಾದರೆ ಯಾರಿಗೂ ನಷ್ಟವಿಲ್ಲ, ದಾನ ಸುಳ್ಳಾದರೆ ಗುಡಿಯ ನೈವೇದ್ಯ ನಿಲ್ಲುತ್ತದೆ.

ಇದು ಒಂದೇ ಸಾಕ್ಷಿಯಾಗಿದ್ದರೆ ಹಿಂಜರಿಯುತ್ತಿದ್ದೆ. ಆದರೆ ಫ್ಲೀಟನೇ ಮುಂದಿನ ಸಾಲಿನಲ್ಲಿ ಇನ್ನೊಂದನ್ನು ಇಟ್ಟುಹೋಗಿದ್ದಾನೆ: 1203-04ರಲ್ಲಿ ಕಾಮದೇವ ಇನ್ನೂ ಹೊಯ್ಸಳರೊಡನೆ ಕಾದಾಡುತ್ತಿದ್ದ. ‘ಅಡಗಿಸಿದಂತೆ ತೋರುತ್ತದೆ’ ಎಂಬ ಮಾತಿನ ಬೆನ್ನಿಗೇ ಇರುವ ಈ ಸಾಲನ್ನು ಕೈಪಿಡಿಗಳು ಎತ್ತಿಕೊಳ್ಳಲಿಲ್ಲ. ಬಲ್ಲಾಳ ಇನ್ನೂ ಹದಿನೈದು ವರ್ಷದ ಮೇಲೆ ಬದುಕಿದ್ದ. ಅಷ್ಟರಲ್ಲಿ ಉತ್ತರದಿಂದ ಸೇವುಣರ ಸಿಂಘಣ ಇಳಿದು ಬಂದು ಈ ಸೀಮೆಯಲ್ಲಿ ಹೊಯ್ಸಳರ ಹಿಡಿತವನ್ನು ಸಡಿಲಿಸಿದ. ಹದಿಮೂರನೇ ಶತಮಾನದ ಮೊದಲರ್ಧದ ಶಾಸನಗಳಲ್ಲಿ ಕಾಮದೇವನ ಮಗ ಮಲ್ಲಿದೇವ ಪಾನುಂಗಲ್ಲು ಐನೂರನ್ನು ಆಳುತ್ತ, ಎಂದಿನಂತೆ ದಾನ ಕೊಡುತ್ತ ಕಾಣಿಸಿಕೊಳ್ಳುತ್ತಾನೆ.